ಗಿರಣಿಯ ಆಚೆ ಐವತ್ತು ಹೆಜ್ಜೆ

ವಿಜಯಪುರ, ಬಾಗವಾನ ಓಣಿ
ಕ್ರಿ.ಶ. ೨೧೬೮, ಎರಡನೆಯ ಬೇಸಗೆಯ ಹನ್ನೊಂದನೆಯ ದಿನ

ಕ್ಯಾಮರಾ ಹಿಡಿದು ನಡೆಯುವ ಅಕ್ಕನವರಿಗೆ,

ಮೇಲಿನ ತಾರೀಖು ಓದಿ ನೀವು ಈ ಕಾಗದವನ್ನು ಮಡಿಚಿ ಎಸೆಯುವ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಮಗೆ ವರ್ಷಕ್ಕೆ ಎರಡು ಬೇಸಗೆ. ಎರಡನೆಯದು ದೀಪಾವಳಿಯ ಹಿಂದೆಮುಂದೆ ಬರುತ್ತದೆ. ನಿಮ್ಮ ಕಾಲದ ಕನ್ನಡದಲ್ಲಿ ಬರೆಯಬೇಕೆಂದು ಹಳೆಯ ಪುಸ್ತಕಗಳನ್ನು ಓದಿ ಅಭ್ಯಾಸ ಮಾಡಿಕೊಂಡಿದ್ದೇನೆ. ಆದರೂ ನೀವು ಕೇಳಿರದ ಕೆಲವು ಪದಗಳು ನುಸುಳುತ್ತವೆ, ಅವುಗಳನ್ನು ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಒಂದು ಚಿತ್ರದಲ್ಲಿ ನಿಮ್ಮದೇ ನೆರಳು ಬಿದ್ದಿದೆ. ಅದರಲ್ಲಿ ಜಡೆಯೂ ಊಟದ ಚೀಲವೂ ಕಾಣುತ್ತವೆ. ಇಷ್ಟು ಹಿಂದಿನವರನ್ನು ಅಜ್ಜಿ ಎನ್ನಬೇಕಿತ್ತು, ಆ ಜಡೆ ನೋಡಿ ಮನಸ್ಸು ಬರಲಿಲ್ಲ.

ನಾನು ನೀಲಾಂಬಿಕಾ ಹಂಜಗಿ, ಈ ಊರಿನ ನೆರಳಳತೆಯವಳು. ಹಳೆಯ ಬೀದಿಚಿತ್ರಗಳಲ್ಲಿ ಬಿದ್ದಿರುವ ನೆರಳನ್ನು ಅಳೆದು, ಅದರ ಮರ ಎಲ್ಲಿ ನಿಂತಿತ್ತೆಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ನಗಬೇಡಿ, ಇದಕ್ಕೆ ಪರೀಕ್ಷೆ ಇದೆ, ನಾನು ಎರಡನೆಯ ಸಲಕ್ಕೆ ಪಾಸಾದೆ. ನಮ್ಮ ನೆಲ ಕಾದು ಕಲ್ಲಾಗಿದೆ; ಎಲ್ಲೆಂದರಲ್ಲಿ ಸಸಿ ನೆಟ್ಟರೆ ಒಂದು ಬೇಸಗೆ ದಾಟುವುದಿಲ್ಲ. ಹಿಂದೊಮ್ಮೆ ದೊಡ್ಡ ಮರ ಇದ್ದ ಜಾಗದಲ್ಲಿ ಮಾತ್ರ ಬೇರುದಾರಿ ಉಳಿದಿರುತ್ತದೆ. ಬೇರುದಾರಿ ಎಂದರೆ ಹಳೆಯ ಬೇರು ಕೊಳೆತು ನೆಲದೊಳಗೆ ಬಿಟ್ಟುಹೋದ ಸಂದು. ಹೊಸ ಬೇರು ಅದರೊಳಗೆ ಇಳಿದು ನೀರು ಮುಟ್ಟುತ್ತದೆ. ನಾವು ನಸುಕಿನಲ್ಲೇ ಏಳುವ ಜನ. ಬೆಳಕು ಹರಿಯುವಷ್ಟರಲ್ಲಿ ರೊಟ್ಟಿ ಬಡಿದು, ಸಂತೆ ಮುಗಿಸಿ, ಮಕ್ಕಳನ್ನು ಶಾಲೆಗೆ ಅಟ್ಟಿ ಆಗಿರುತ್ತದೆ. ಹತ್ತಕ್ಕೆ ಕದಗಂಟೆ ಬಾರಿಸುತ್ತಾರೆ, ಆಗ ಎಲ್ಲರೂ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು, ಸಂಜೆ ಐದರವರೆಗೆ ಬೀದಿಯಲ್ಲಿ ಬೆಕ್ಕೂ ಸುಳಿಯುವುದಿಲ್ಲ. ಮರವಿರುವ ಓಣಿಗೆ ಮಾತ್ರ ಈ ಗಂಟೆಯಿಂದ ರಿಯಾಯಿತಿ. ಮರವೇ ಇಲ್ಲದ ಓಣಿಯನ್ನು ಕೊನೆಗೆ ಖಾಲಿ ಮಾಡಿಸಿ, ಜನರನ್ನು ಊರಾಚೆಯ ಕೂಡುಮನೆಗಳಿಗೆ ಕಳಿಸುತ್ತಾರೆ. ಅಲ್ಲಿ ತಂಪು ಇದೆ, ಊಟ ಇದೆ, ತಲೆಗೊಂದು ಮಂಚ ಇದೆ. ಅಲ್ಲಿಗೆ ಹೋದವರು ಯಾರೂ ಚೆನ್ನಾಗಿದೆ ಎಂದದ್ದನ್ನು ನಾನು ಕೇಳಿಲ್ಲ.

ಅರ್ಧ ಓಣಿಗೆ ಮೂರು ಬೇವಿನ ಸಸಿ ಕೊಡುತ್ತಾರೆ, ಮೂರೂ ಸತ್ತರೆ ಆ ಅರ್ಧ ಖಾಲಿ. ನಮ್ಮ ಬಾಗವಾನ ಓಣಿಯ ಮೇಲಿನ ಅರ್ಧದಲ್ಲಿ ನಾನು ಹೇಳಿದ ಜಾಗದಲ್ಲೇ ನೆಟ್ಟ ಎರಡು ಸಸಿ ಒಣಗಿದವು. ನಾನು ಇದೇ ಓಣಿಯವಳು. ಜನ ಬೈಯಲಿಲ್ಲ, ಅದರಿಂದಲೇ ಹೆಚ್ಚು ನೋವಾಯಿತು.

ಆ ಲೆಕ್ಕಕ್ಕೆ ಆಧಾರ ನಿಮ್ಮ ಚಿತ್ರಗಳು. ಈ ಊರಿಗೆ ಬಂದವರೆಲ್ಲ ಗುಮ್ಮಟದ ಫೋಟೋ ತೆಗೆದರು. ನಮ್ಮಲ್ಲಿ ಅಂಥವು ಲಕ್ಷಗಟ್ಟಲೆ ಇವೆ, ಒಂದೂ ನಮಗೆ ಉಪಯೋಗವಿಲ್ಲ. ನೀವೊಬ್ಬರು ಗುಮ್ಮಟಕ್ಕೆ ಬೆನ್ನು ತಿರುಗಿಸಿ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಓಣಿ ಓಣಿ ನಡೆದು, ಬಾಗಿಲು, ಗೋಡೆ, ತಳ್ಳುಗಾಡಿ, ಹಲ್ಲುಜ್ಜುತ್ತ ನಿಂತ ಗಂಡಸರನ್ನು ತೆಗೆದಿದ್ದೀರಿ. ಅವೆಲ್ಲ ಒಂದೇ ಕಡತದಲ್ಲಿ ಸಿಕ್ಕವು. ಕಡತಕ್ಕೆ ನೀವು ಇಟ್ಟ ಹೆಸರು 'ಅಳಿಸಬೇಕು'. ಒಳ್ಳೆಯವೆಂದು ಬೇರೆ ತೆಗೆದಿಟ್ಟವು ಎಲ್ಲಿ ಹೋದವೋ ಸುಳಿವಿಲ್ಲ. ಒಂದರ ಕೆಳಗೆ 'ಗಿಡದ ನೆರಳು ಬಿದ್ದು ಗೋಡೆ ಹಾಳಾಯ್ತು' ಎಂದು ಬರೆದಿದ್ದೀರಿ. ಇನ್ನೊಂದರ ಕೆಳಗೆ, 'ಏನ್ ಅದ ಇಲ್ಲಿ ಫೋಟೋ ತಗ್ಯಾಕ, ಅಂತ ಕೇಳಿದ್ರು. ನನಗೂ ಗೊತ್ತಿಲ್ಲ.' ಅಯ್ಯೋ ಅಕ್ಕಾ, ಅದನ್ನು ಓದಿದ ದಿನ ನನಗೆ ನಿಮ್ಮ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಆ ಹಾಳಾದ ಗೋಡೆಯ ಚಿತ್ರವನ್ನೇ ನಾನು ಅಳೆದದ್ದು. ಏಪ್ರಿಲ್ ತಿಂಗಳು, ಬೆಳಿಗ್ಗೆ ಹತ್ತೂವರೆ ಎಂದು ನಿಮ್ಮ ಕ್ಯಾಮರಾ ಗುರುತು ಹಾಕಿತ್ತು. ಹತ್ತೂವರೆಗೆ ಸೂರ್ಯ ಬಹಳ ಮೇಲೆ ಬಂದಿರುತ್ತಾನೆ, ಆದ್ದರಿಂದ ಗೋಡೆಗೆ ಆ ನೆರಳು ಬೀಳಬೇಕಾದರೆ ಮರ ಗೋಡೆಗೆ ಅಂಟಿಕೊಂಡೇ ಇರಬೇಕು. ಗೋಡೆಯಿಂದ ನಾಲ್ಕು ಹೆಜ್ಜೆಗೆ ಗುರುತು ಹಾಕಿಕೊಟ್ಟೆ. ಅದೇ ಚಿತ್ರದಲ್ಲಿ, ಆ ನೆರಳಿನೊಳಗೆ, ಒಬ್ಬ ಹೆಂಗಸು ಬಾಗಿಲ ಮುಂದೆ ಕೂತು ರಂಗೋಲಿ ಹಾಕುತ್ತಿದ್ದಾಳೆ. ನಾನು ಮಹಾ ಜಾಣೆ, ವರದಿಯಲ್ಲಿ ಅದನ್ನೂ ಸೇರಿಸಿದ್ದೆ: 'ಆ ಕಾಲದಲ್ಲಿ ಬಿಸಿಲಿನ ಭಯವಿರಲಿಲ್ಲವಾದ್ದರಿಂದ ಜನರು ಹತ್ತೂವರೆಗೂ ರಂಗೋಲಿ ಹಾಕುತ್ತಿದ್ದರು.' ದೊಡ್ಡ ದೊಡ್ಡವರು ಓದಿ ತಲೆಯಾಡಿಸಿದರು. ನಿಮ್ಮ ಕಾಲದ ಬಗ್ಗೆ ಏನು ಹೇಳಿದರೂ ನಾವು ನಂಬುತ್ತೇವೆ.

ಮೂರನೆಯ ಸಸಿ ನೆಡುವ ಹಿಂದಿನ ದಿನ ಓಣಿಯವರನ್ನೆಲ್ಲ ಕರೆದು ಗೋಡೆಯ ಮೇಲೆ ಚಿತ್ರ ತೋರಿಸಿದೆ. ಓಣಿಯ ಕೆಳತುದಿಯ ಕಾಶೀಬಾಯಿ, ಎಂಬತ್ತೊಂದು ವರ್ಷದ ಮುದುಕಿ, ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. "ಹತ್ತೂವರಿ ಅಂತ ಯಾವಾಕಿ ಹೇಳಿದ್ಲು ನಿನಗ?" ಎಂದಳು. ಕ್ಯಾಮರಾ ಹೇಳಿದೆ ಎಂದೆ. "ಕ್ಯಾಮರಾಕ್ಕೇನ್ ಅತ್ತಿ ಇದ್ಲೇನವಾ? ಹತ್ತೂವರಿತನಕ ರಂಗೋಲಿ ಹಾಕ್ದ ಬಿಟ್ರ ಅಕಿ ಅತ್ತಿ ಸುಮ್ಮ ಬಿಡ್ತಿದ್ಲೇನ್? ಅಲ್ಲಿ ನೋಡು, ಹಾಲಿನ ಚೀಲ ಇನ್ನ ಹೊಸ್ತಿಲದಾಗೇ ಬಿದ್ದಾವ. ಇದು ಹೊತ್ತು ಹುಟ್ಟಿ ತಾಸಾಗಿಲ್ಲ. ಎಂಥಾ ಶಾಣ್ಯಾಕಿ ಇದ್ದೀಯವಾ!"

ಓಣಿ ಪೂರ್ತಿ ನಕ್ಕಿತು, ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ನಿಮ್ಮ ಕ್ಯಾಮರಾ ತಾನು ತಯಾರಾದ ಜಪಾನಿನ ಗಡಿಯಾರವನ್ನೇ ಇಟ್ಟುಕೊಂಡಿತ್ತು, ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ನೀವು ಅದನ್ನು ತಿದ್ದುವ ಗೋಜಿಗೇ ಹೋಗಿರಲಿಲ್ಲ. ಅದು ಬೆಳಗಿನ ಏಳು ಗಂಟೆಯ ಚಿತ್ರ. ಏಳು ಗಂಟೆಯ ಸೂರ್ಯ ತಗ್ಗಿನಲ್ಲಿ ಇರುತ್ತಾನೆ, ಮರ ಎಲ್ಲೋ ದೂರ ನಿಂತು ಈ ಗೋಡೆಗೆ ನೆರಳು ಕಳಿಸಿದೆ. ಮತ್ತೆ ಲೆಕ್ಕ ಹಾಕಿದರೆ ಹದಿನೆಂಟು ಹೆಜ್ಜೆ ಬಂತು, ಓಣಿಯ ಎದುರು ಬದಿ. ಗುಂಡಿ ತೋಡುವ ದಸ್ತಗೀರ ಅಲ್ಲಿ ಎರಡು ಮೊಳ ಇಳಿಯುವಷ್ಟರಲ್ಲಿ ಹಾರೆ ಸಲೀಸಾಗಿ ಒಳಗೆ ಹೋಯಿತು. ಅವನು ಕೈಯಲ್ಲಿ ಕಪ್ಪು ಪುಡಿ ಹಿಡಿದು ಮೇಲೆ ನೋಡಿ, "ಅಕ್ಕಾರ, ಇಲ್ಲೇ ಅದ್ರೀ ಬೇರ!" ಎಂದು ಕೂಗಿದ. ನಾನು ಅಲ್ಲೇ ಕುಕ್ಕರಿಸಿ ಕೂತು ಜೋರಾಗಿ ಅತ್ತೆ.

ಈಗ ಆ ಬೇವಿಗೆ ನಾಲ್ಕು ವರ್ಷ. ಅದರ ನೆರಳು ಎರಡು ಚಾಪೆ ಹಾಸುವಷ್ಟಾಗಿದೆ. ಮೇಲಿನ ಅರ್ಧದ ಹನ್ನೊಂದು ಮನೆಗಳನ್ನು ಖಾಲಿ ಮಾಡಿಸಲು ಮೊದಲೇ ಬರೆದಿಟ್ಟಿದ್ದ ಆದೇಶವನ್ನು ಹರಿದು ಹಾಕಿದ್ದಾರೆ. ಕದಗಂಟೆ ಹೊಡೆದ ಮೇಲೂ ಅಲ್ಲಿ ಹೆಂಗಸರು ಕೂತು ಶೇಂಗಾ ಸುಲಿಯುತ್ತಾರೆ, ಕಾಲೇಜು ಹುಡುಗಿಯರು ಹಾಡು ಹೇಳುತ್ತಾರೆ. ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ಮನುಷ್ಯರ ದನಿ ಕೇಳುವುದು ಎಂಥ ಸುಖ ಎಂದು ನಿಮಗೆ ಹೇಗೆ ತಿಳಿಸಲಿ, ನಿಮಗದು ಬೇಸರ ಬರುವಷ್ಟು ಇದೆ.

ಆದರೆ ಕಾಶೀಬಾಯಿಯ ಮನೆ ಕೆಳಗಿನ ಅರ್ಧದಲ್ಲಿದೆ. ಅಲ್ಲಿ ನೀವು ತೆಗೆದ ಒಂದು ಚಿತ್ರವೂ ನಮಗೆ ಸಿಕ್ಕಿಲ್ಲ. ಆಧಾರವಿಲ್ಲದೆ ಕಣ್ಣಂದಾಜಿಗೆ ನೆಟ್ಟ ಎರಡು ಸಸಿ ಸತ್ತಿವೆ. ಮೂರನೆಯದು ಅವಳ ಬಾಗಿಲಲ್ಲಿ ಕುಂಡದೊಳಗೆ ಇದೆ. ಬರುವ ಮಳೆಗಾಲದೊಳಗೆ ಅದನ್ನು ನೆಡಬೇಕು, ಇಲ್ಲದಿದ್ದರೆ ಒಂಬತ್ತು ಮನೆ ಖಾಲಿ, ಕಾಶೀಬಾಯಿಗೆ ಕೂಡುಮನೆಯ ಮಂಚ. ನಮ್ಮ ಓಣಿ ಉಳಿಸಿದವಳನ್ನೇ ನಾವು ಗಾಡಿ ಹತ್ತಿಸಿ ಕಳಿಸಬೇಕು. ನಾವು ಈವರೆಗೆ ತೆರೆದ ನಿಮ್ಮ ಚಿತ್ರಗಳೆಲ್ಲ ಓಣಿಯ ನಡುವಿನ ಹಿಟ್ಟಿನ ಗಿರಣಿಯ ಹತ್ತಿರ ನಿಂತುಬಿಡುತ್ತವೆ, ಅಲ್ಲಿಂದ ನೀವು ಹಿಂದಿರುಗುತ್ತೀರಿ. ಏಕೆಂದು ನನಗೆ ಗೊತ್ತಿದೆ: ಗಿರಣಿಯ ಕಟ್ಟೆಯ ಮೇಲೆ ಒಂದು ಕಂದು ನಾಯಿ ಇದೆ, ಮೂರು ಚಿತ್ರಗಳಲ್ಲಿ ಅದು ನಿಮ್ಮನ್ನೇ ಗುರಾಯಿಸುತ್ತಿದೆ.

ಈ ಕಾಗದ ನಿಮ್ಮನ್ನು ಮುಟ್ಟುತ್ತದೆಂದು ನಾನು ನಂಬಿರಲಿಲ್ಲ. ಕಾಶೀಬಾಯಿಯೇ ಹಟ ಹಿಡಿದಳು. "ಅಕಿಗಿ ಬರಿ. ನಾಯಿಗಿ ಒಂದ್ ಬಿಸ್ಕೀಟ್ ಒಗದು ಮುಂದ ಹೋಗಂತ ಬರಿ. ಬರ್ಯಾಕ ನಿಂದೇನ್ ಹೋಗ್ತದ?" ಎಂದಳು. ಅವಳಿಗೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಮೇಲಾಗಿ ನಿಮ್ಮ ಕಡತದಲ್ಲಿ ಇನ್ನೂ ಮುನ್ನೂರು ಚಿತ್ರಗಳು ತೆರೆಯದೆ ಉಳಿದಿವೆ. ಅವು ಬಹಳ ಹಾಳಾಗಿವೆ, ಒಂದೊಂದನ್ನು ಸರಿಪಡಿಸಲು ನಾಲ್ಕು ದಿನ ಹಿಡಿಯುತ್ತದೆ, ಅವುಗಳಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ; ನೀವು ಗಿರಣಿ ದಾಟಿದರೆ ಆ ಚಿತ್ರ ಅವುಗಳಲ್ಲೇ ಇರಬೇಕು.

ಆದ್ದರಿಂದ ಕೈ ಮುಗಿದು ಕೇಳುತ್ತೇನೆ, ಆ ಕಡತವನ್ನು ಅಳಿಸಬೇಡಿ. ನಾಳೆ ಬೆಳಿಗ್ಗೆ ಗಿರಣಿಯ ಹತ್ತಿರ ಹಿಂದಿರುಗದೆ ಇನ್ನು ಐವತ್ತು ಹೆಜ್ಜೆ ನಡೆಯಿರಿ. ಬೆಳಕು ಚೆನ್ನಾಗಿಲ್ಲ ಎಂದು ಕಾಯಬೇಡಿ, ಅಡ್ಡ ಬಂದವರು ಸರಿಯಲಿ ಎಂದೂ ಕಾಯಬೇಡಿ. ಗೋಡೆಯ ಮೇಲೆ ನೆರಳು ಬಿದ್ದು ಚಿತ್ರ ಹಾಳಾದರೆ, ಅಕ್ಕಾ, ಅದೇ ನಮಗೆ ಬೇಕಾದದ್ದು. ಯಾರಾದರೂ ಇಲ್ಲೇನಿದೆ ಎಂದು ಕೇಳಿದರೆ, ಇಲ್ಲಿ ಕಾಶೀಬಾಯಿಯ ಮನೆ ಇದೆ ಎಂದು ಹೇಳಿ.

ನೀವು ನಾಳೆ ನಡೆಯಿರಿ. ನಾವು ಮುಂದಿನ ಚಿತ್ರವನ್ನು ಸೋಮವಾರ ತೆರೆಯುತ್ತೇವೆ.

ನಿಮ್ಮ ತಂಗಿ,
ನೀಲಾಂಬಿಕಾ