ಚಾವಡಿಯ ಪ್ರಮಾಣ

ಫೆಬ್ರವರಿ 6

ಚಾವಡಿ ಗುಡಿಸಿ, ದೈವದ ಕೋಣೆಯ ಹೊಸ್ತಿಲು ಒರೆಸಿ ಬರುವಷ್ಟರಲ್ಲಿ ಅಂಗಳದಲ್ಲಿ ಟಿವಿಯವರು. ಶಾಸಕರು — ನನ್ನ ಮಗ ಮುಖೇಶ್ — ಕ್ಷೇತ್ರದ ಶಾಲೆಯ ಮೈದಾನವನ್ನು ಬಿಲ್ಡರಿಗೆ ಕೊಡಿಸಿದನಂತೆ. ಮೈಕ್ ನನ್ನ ಮೂಗಿಗೆ. "ಎಂತ ಹೇಳ್ತೀರಿ ಅಮ್ಮ?"

ಹೇಳಿದೆ. "ಸಂಕ್ರಮಣದಂದು ನನ್ನ ಮಗ ಕುಟುಂಬದ ದೈವದ ಎದುರು, ತಪ್ಪು ಮಾಡಿಲ್ಲ ಅಂತ ಪ್ರಮಾಣ ಮಾಡ್ತಾನೆ. ಕ್ಯಾಮೆರಾ ತನ್ನಿ."

ಪಟ್ಟಣ ಪಂಚಾಯತ್ ಮೆಂಬರ್ ಆದಂದಿನಿಂದ ಎರಡನೇ ಸಲ ಶಾಸಕನಾಗುವವರೆಗೆ ಅವನ ಮೇಲೆ ಒಂದು ಮಾತು ಬಂದದ್ದಿಲ್ಲ. ವೋಟು ಕೇಳಲು ಹೋದಲ್ಲೆಲ್ಲ ಅದನ್ನೇ ಹೇಳಿದವಳು ನಾನು.

ಫೆಬ್ರವರಿ 7

ಕೊಡಿಯಾಲ್‌ಬೈಲಿನ ಫ್ಲ್ಯಾಟಿನಿಂದ ಬೆಳಿಗ್ಗೆಯೇ ಬಂದ.

"ನಿಮ್ಮ ಹತ್ರ ಯಾರು ಕೇಳಿದ್ದು ಅಮ್ಮ?"

"ಟಿವಿಯವರು."

"ತಮಾಷೆ ಬೇಡ. ಇನ್ನು ಪ್ರಮಾಣ ಮಾಡದಿದ್ರೆ ಈ ಸಲ ಟಿಕೆಟ್ ಇಲ್ಲ."

"ಮಾಡು. ಹೆದರಿಕೆ ಎಂತದು?"

ಬಡಿಸಿಟ್ಟ ನೀರುದೋಸೆ ತಣಿಯಿತು. ಮುಟ್ಟಲಿಲ್ಲ. ಮೈದಾನದ ಮಾತು ನಿಜವೆಂದು ತಿಳಿಯಿತು ನನಗೆ.

ಹೊರಡುವಾಗ ಹೇಳಿದ್ದು — "ಮಾಡ್ತೇನೆ. ಒಂದು ಮಾತು ಅಷ್ಟೇ ಅಲ್ವಾ."

ಫೆಬ್ರವರಿ 9

ನಮ್ಮದು ತಾಯಿಯ ಕಡೆಯಿಂದ ನಡೆದು ಬಂದ ಕುಟುಂಬ. ಮುಖೇಶನ ಮಕ್ಕಳು ಅವರಮ್ಮನ ಕುಟುಂಬಕ್ಕೆ ಸೇರಿದವರು. ಇಲ್ಲಿ ಸುಳ್ಳು ಪ್ರಮಾಣ ಮಾಡಿದರೆ ಪೆಟ್ಟು ಬೀಳುವುದು ನನ್ನ ಮಗಳು ನಳಿನಾಕ್ಷಿಯ ಸಂತಾನಕ್ಕೆ. ಅವಳ ಮಗಳು ಯಶ್ಮಿತಾ ಈಗ ಬಸುರಿ. ಐದು ತಿಂಗಳು.

ಮುಖೇಶನನ್ನು ಫೋನಿನಲ್ಲಿ ಕೇಳಿದೆ. "ತಂಗಿಯ ಮಕ್ಕಳಿಗೆ ತಾಗುವುದು. ಗೊತ್ತುಂಟಲ್ಲ?"

"ಗೊತ್ತುಂಟು. ಈಗ ಯಾರು ನಂಬ್ತಾರೆ ಅದನ್ನೆಲ್ಲ?"

ಗೊತ್ತಿಲ್ಲ ಎಂದಿದ್ದರೆ ಬೇರೆ ಮಾತು.

ಫೆಬ್ರವರಿ 13, ಮಧ್ಯಾಹ್ನ

ಗೇಟಿನವರೆಗೆ ಜನ. ಮುಖೇಶ್ ಬಾವಿಕಟ್ಟೆಯಲ್ಲಿ ಮಿಂದು ಒದ್ದೆ ಮುಂಡಿನಲ್ಲೇ ಬಂದ. ದೈವದ ಕೆಲಸ ನಡೆಸುವ ಕುಟುಂಬದ ಗುರಿಕಾರ ನನ್ನ ತಮ್ಮ ಬೂಬ. ಅವನು ದೈವದ ಕೋಣೆಯ ಬಾಗಿಲಿಗೆ ಕೈ ಹಾಕಿದ. ಅಡ್ಡ ನಿಂತೆ.

"ತೆಗೆಯಬೇಡ. ಪ್ರಮಾಣ ಇಲ್ಲ."

"ಅಕ್ಕ, ನಿಮಗೆ ಮರ್ಲಾ, ತಲೆ ಕೆಟ್ಟಿತಾ? ಲೈವ್ ಹೋಗ್ತಾ ಉಂಟು ಮಾರಾಯ್ರೆ!"

"ಹೋಗಲಿ. ಈ ಮನೆಗೆ ಹಿರಿಯವಳು ನಾನು."

ಗೇಟಿನ ಹತ್ತಿರ ಯಾರೋ ನಕ್ಕರು. "ಅಮ್ಮನಿಗೇ ನಂಬಿಕೆ ಇಲ್ಲ!" ಆಮೇಲೆ ತುಂಬ ಜನ ನಕ್ಕರು. ಮುಖೇಶನ ಕೂದಲಿನಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳಲಿಲ್ಲ ಅವನು.

ಮಾರ್ಚ್ 28

ಟಿಕೆಟ್ ಬೇರೆಯವರಿಗೆ. ನಳಿನಾಕ್ಷಿ ಜೆಪ್ಪುವಿನಿಂದ ಬಂದಳು. ಮೆಟ್ಟಿಲು ಹತ್ತಲಿಲ್ಲ.

"ನಿಮ್ಮ ಹಠಕ್ಕೆ ಅಣ್ಣನನ್ನು ಮುಗಿಸಿದ್ರಿ. ಯಶ್ಮಿತಾಳ ಮಗುವನ್ನು ನಿಮಗೆ ತೋರಿಸುವುದಿಲ್ಲ."

ಕಾರಣ ಬಾಯಿಯವರೆಗೆ ಬಂತು. ನುಂಗಿದೆ.

ಏಪ್ರಿಲ್ 2

ಮುಖೇಶ್ ಬಂದಿದ್ದ. ರಿಕ್ಷಾದಲ್ಲಿ, ಒಬ್ಬನೇ. ಕುಳಿತುಕೊಳ್ಳಲೂ ಇಲ್ಲ.

"ಫೋನಿನಲ್ಲಿ ನಾನು ಹೇಳಿದ್ದನ್ನು ತಂಗಿಗೆ ಹೇಳಬೇಡಿ ಅಮ್ಮ."

ಹೇಳುವುದಿಲ್ಲ. ಅವಳಿಗೆ ಅಣ್ಣನಾದರೂ ಉಳಿಯಲಿ. ಅಮ್ಮ ಇಲ್ಲದೆ ನಡೆದೀತು.