ಬಿಟ್ಟುಹೋದ ಷರಾ

ಕರಿಹಾಸಗಿ, ಫೆಬ್ರವರಿ 30, 2111

ಪರಸಿನುಡಿ ಟ್ರಸ್ಟಿನ ಆನ್‌ಲೈನ್ ಗ್ರಂಥಾಲಯ ಸಮಿತಿಯವರಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ 2027ರಿಂದ ಈಚೆಗಿನ ಎಂಬತ್ತನಾಲ್ಕು ವರ್ಷಗಳಲ್ಲಿ ಭಾಷೆ ಸವೆದಿದೆ. ನನ್ನ ಬೇಸರ ಮಾತ್ರ ಸವೆದಿಲ್ಲ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ರುಕಿಯಾ, ಈ ಸೀಮೆಯ ದನಿಗಾವಲಿನವಳು. ಹಿಂದಿನವರು ಬಿಟ್ಟುಹೋದ ಧ್ವನಿಮುದ್ರಣ, ನಕ್ಷೆ, ವರದಿಗಳನ್ನು ಕೇಳಬಂದವರಿಗೆ ಹುಡುಕಿಕೊಡುವ ಕೆಲಸಕ್ಕೆ ನಾವು ದನಿಗಾವಲು ಅನ್ನುತ್ತೇವೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ ಕಾರ್ಮಿಕರ ಬಗ್ಗೆ ನೀವು ಕೂಡಿಟ್ಟದ್ದೆಲ್ಲ ಈಗ ನನ್ನ ಪಾಲಿಗೆ ಬಂದಿದೆ. ನಿಮ್ಮ ಮುಖಪುಟ ಈಗಲೂ ತೆರೆಯುತ್ತದೆ. ಅದರಲ್ಲಿ ನೀವು ಹತ್ತೂ ಜನ ನಗುತ್ತಿದ್ದೀರಿ.

ಹೋದ ವರ್ಷ ಜೂನ್‌ನಲ್ಲಿ ತಾರಾಬಾಯಿ ಬಂದಳು. ಅರವತ್ತರ ಹೆಂಗಸು, ಊರಿನ ನೀರಗಂಟಿ. ಇಲ್ಲಿಯ ಹಳೆಯ ಗಣಿಗಳೇ ಈಗ ನಮ್ಮ ಕೆರೆಗಳು. ಮಳೆನೀರು ತುಂಬಿಸಿ, ಸೋಸಿ ಕುಡಿಯುತ್ತೇವೆ. ಊರಿನವರು ಹೊಸದಾಗಿ ಇನ್ನೊಂದು ಗಣಿ ತುಂಬಿಸಿದ್ದರು. ಅದರ ತೂಬಿನ ಕೀಲಿ ಅವಳ ಸೊಂಟದಲ್ಲಿತ್ತು, ಅವಳು ತೂಬು ತೆಗೆಯಲು ಒಪ್ಪಿರಲಿಲ್ಲ.

“ಒಂದು ಖಣಿಯಾಗ ವಿಷದ ಡ್ರಮ್ಮು ಹೂತಾರಂತ ನಮ್ಮವ್ವ ಹೇಳ್ತಿದ್ಳು. ಯಾವ್ದಂತ ಆಕಿಗೂ ಗೊತ್ತಿರ್ಲಿಲ್ಲ,” ಅಂದಳು. “ನಮ್ಮ ಮುತ್ತಜ್ಜಿ ಸಾಬವ್ವಗ ಗೊತ್ತಿತ್ತು. ಆಕಿ ಆ ಪರಸಿನುಡಿ ಟ್ರಸ್ಟಿನವ್ರ ಮುಂದ ಹೇಳ್ಯಾಳ. ಅದನ್ನ ಕೇಳಸ್ರಿ.”

ಹುಡುಕಿದೆ. ಸಾಬವ್ವನ ಧ್ವನಿ ಇತ್ತು, ನಲವತ್ತು ನಿಮಿಷ. ಒತ್ತಿದರೆ ‘ಈ ದಾಖಲೆ ನಿರ್ಬಂಧಿತ. ನಿರ್ವಾಹಕರನ್ನು ಸಂಪರ್ಕಿಸಿ’ ಎಂದು ಬಂತು. ಯಾಕೆ ನಿರ್ಬಂಧ, ಎಲ್ಲಿಯವರೆಗೆ, ಒಂದಕ್ಷರವಿಲ್ಲ. ನಿರ್ವಾಹಕರು ತೀರಿಕೊಂಡು ಐವತ್ತು ವರ್ಷವಾಗಿತ್ತು. ಕಾರಣ ತಿಳಿಯದೆ ಬೀಗ ಮುರಿಯುವಂತಿಲ್ಲ; ಯಾರಿಗೋ ಕೊಟ್ಟ ಮಾತಿನ ಮೇಲೆ ಹಾಕಿದ ಬೀಗವಾಗಿರಬಹುದು. ಆದರೆ ಎಲ್ಲರಿಗೂ ತೆರೆದ ಪುಟದಲ್ಲಿ ಏನಿತ್ತು ಗೊತ್ತೆ? ಮಾತಾಡಿದ ಮೂವತ್ತೊಂದು ಜನರ ಪಟ್ಟಿ. ಹೆಸರು, ಗಂಡನ ಹೆಸರು, ಓಣಿ, ಎದೆಯ ಕಾಯಿಲೆ, ಎಲ್ಲವೂ. ಅದರ ಕೆಳಗೆ ನಿಮ್ಮ ಕಚೇರಿಗೆ ಬಂದ ಒಂದು ದೂರು: ಪಟ್ಟಿ ಓದಿದ ಗಣಿ ಮೇಸ್ತ್ರಿ ಸಾಬವ್ವನನ್ನು ಮಾರನೆಯ ದಿನವೇ ಕೆಲಸದಿಂದ ಬಿಡಿಸಿದ. ದೂರಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ. ಈಗಲೂ ಪರಿಶೀಲನೆಯಲ್ಲೇ ಇದೆ.

ಐದು ತಿಂಗಳು ಹುಡುಕಿದೆ. ಅಷ್ಟೂ ದಿನ ಊರಿನವರು ಎರಡು ಮೈಲಿ ನಡೆದು ನೀರು ತಂದರು. ತುಂಬಿದ ಗಣಿಯ ಪಕ್ಕದಲ್ಲೇ ಖಾಲಿ ಕೊಡ ಹೊತ್ತು ಹೋಗುವವರು ತಾರಾಬಾಯಿಯ ಮುಖಕ್ಕೇ ಬೈದರು. ಆಗಸ್ಟಿನಲ್ಲಿ ಪಂಚಾಯಿತಿ ಅವಳನ್ನು ನೀರಗಂಟಿ ಕೆಲಸದಿಂದ ತೆಗೆಯಿತು. ಅವಳು ಕೀಲಿ ಕೊಡಲಿಲ್ಲ. “ಕೆಲಸ ನಿಮ್ದು, ತಗೋರಿ. ಕೀಲಿ ಕೇಳಬ್ಯಾಡ್ರಿ,” ಅಂದಳಂತೆ. ನನ್ನ ಹತ್ತಿರ ಬಂದು ಕೂತು ಅತ್ತದ್ದು ಒಂದೇ ದಿನ. ಮೊಮ್ಮಗಳೂ ಅವಳ ಜೊತೆ ಮಾತು ಬಿಟ್ಟಿದ್ದಳು.

ನವೆಂಬರಿನಲ್ಲಿ ನಿಮ್ಮ ಹಳೆಯ ಗ್ರಂಥಪಾಲಕ ಮಾಣಿಕರಾವ್ ಅವರ ಮನೆತನದವರು ಒಂದು ತಗಡಿನ ಪೆಟ್ಟಿಗೆ ಕಳಿಸಿಕೊಟ್ಟರು. ಅದರಲ್ಲಿ ಹಳೆಯ ಗ್ರಂಥಾಲಯದ ಪಟ್ಟಿಯ ಮುದ್ರಿತ ಪ್ರತಿಯಿತ್ತು. ಕೊನೆಯ ಕಾಲಂ ಷರಾ. ಸಾಬವ್ವನ ಸಾಲಿನಲ್ಲಿ, ಆಕೆ ಹೇಳಿದಂತೆ, ಮಾಣಿಕರಾವ್ ಬರೆದಿದ್ದರು: ‘ಹೆಸರು ಹೊರಗೆ ಬರಬಾರದು. ಆಕೆ ತೀರಿಕೊಂಡ ಮೇಲೆ ಧ್ವನಿಯನ್ನು ಊರಿಗೆ ಕೇಳಿಸಬೇಕು.’

ನೀವು ಎರಡನ್ನೂ ತಿರುಗಾಮುರುಗಾ ಮಾಡಿದಿರಿ. ಹೊಸ ತಂತ್ರಾಂಶದಲ್ಲಿ ಎರಡೇ ಚೌಕ ಇದ್ದವು, ಸಾರ್ವಜನಿಕ ಮತ್ತು ನಿರ್ಬಂಧಿತ. ಷರಾ ಹಾಕಲು ಜಾಗವಿರಲಿಲ್ಲ, ಬಿಟ್ಟುಬಿಟ್ಟಿರಿ. ಅದನ್ನು ತೀರ್ಮಾನಿಸಿದ ನಿಮ್ಮ ಸಭೆಯ ನಡಾವಳಿಯನ್ನೂ ಓದಿದ್ದೇನೆ. ಮಾಣಿಕರಾವ್ ಎದ್ದು ನಿಂತು, “ಷರಾ ಬಿಟ್ರ ಉಳಿದಿದ್ದೆಲ್ಲ ಬರೇ ಸಾಮಾನು ಆಗ್ತದ್ರಿ,” ಎಂದಿದ್ದರು. ಕೆಳಗೆ ಬರೆದಿದೆ: ಸದಸ್ಯರ ಭಾವನೆಯನ್ನು ಗಮನಿಸಲಾಯಿತು.

ಬೀಗ ಮುರಿದು ಧ್ವನಿಯನ್ನು ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರಿಗೂ ಕೇಳಿಸಿದೆ. ಕೆಮ್ಮಿನ ನಡುವೆ ಸಾಬವ್ವ ಹೇಳುತ್ತಾಳೆ: “ಮೂರ್ನೇ ಖಣಿ, ಹುಣಸಿಗಿಡದ ಕಡೀದು. ಡ್ರಮ್ ಇಟ್ಟು ಮ್ಯಾಲ ಮಣ್ಣು ಹಾಕಿದ್ರು. ನಾನೂ ಹೊತ್ತು ಹಾಕೀನಿ.” ತಾರಾಬಾಯಿ ತೂಬು ಬಿಡದೆ ಕಾದದ್ದು ಅದೇ ಗಣಿ. ಮಾರನೆಯ ದಿನ ಅವಳ ಕೆಲಸ ಅವಳಿಗೆ ವಾಪಸ್ ಬಂತು. ಮೊಮ್ಮಗಳು ಬರಲು ಇನ್ನೂ ಒಂದು ವಾರ ಹಿಡಿಯಿತು.

ನನ್ನ ಲೆಕ್ಕ ಸರಿಯಿದ್ದರೆ ಈ ಪತ್ರ ನಿಮಗೆ ಮುಟ್ಟುವ ದಿನಕ್ಕೆ ನಿಮ್ಮ ಹೊಸ ಆನ್‌ಲೈನ್ ಗ್ರಂಥಾಲಯ ತೆರೆಯಲು ಇನ್ನೂ ಆರು ದಿನವಿದೆ. ಪ್ರತಿ ಬೀಗದ ಪಕ್ಕ ಮೂರು ಮಾತು ಬರೆಯಿರಿ: ಯಾಕೆ, ಎಲ್ಲಿಯವರೆಗೆ, ಯಾರ ಮಾತಿನ ಮೇಲೆ. ತಂತ್ರಾಂಶದಲ್ಲಿ ಜಾಗವಿಲ್ಲ ಎಂದರೆ ಜಾಗ ಮಾಡಿಸಿ. ಅದೂ ಆಗದಿದ್ದರೆ ಒಂದು ಕೆಲಸವಂತೂ ಆಗುತ್ತದೆ. ಸಾಬವ್ವ ನಿಮ್ಮ ಕಾಲದಲ್ಲಿ ಬದುಕಿದ್ದಾಳೆ. ನಿಮ್ಮ ಕಚೇರಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಹೋಗಿ ಅವಳನ್ನೇ ಕೇಳಿ.

ಇಂತು,
ರುಕಿಯಾ