ಕೊಟ್ಟಿಗೆ ಬಿಡದ ಸೊಸೆ

ಮನೆಯಿಂದ,
ಅಕ್ಟೋಬರ್ ೧೪, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯೋ, ಇಲ್ಲ ಹಡಗಿನ ಇಂಜಿನ್ನಿಗೆ ಎಣ್ಣೆ ಹಾಕುತ್ತಾ ನಿನ್ನ ಹೊಟ್ಟೆಯನ್ನೇ ಮರೆತಿದ್ದೀಯೋ? ಮಂಡಿನೋವೊಂದನ್ನು ಬಿಟ್ಟರೆ ನಾನು ಗುಂಡುಕಲ್ಲು. ಮೊಬೈಲ್ ಟವರ್ ನಿನ್ನೆಯ ಗಾಳಿಗೇ ಬಿದ್ದಿದೆ, ಅದಕ್ಕೇ ಈ ಕಾಗದ. ಹಾಲಿನ ವ್ಯಾನಿನವನು ಇದನ್ನು ಪೇಟೆಗೆ ಒಯ್ದು ನಿನ್ನ ಕಂಪನಿಯ ಆಫೀಸಿಗೆ ಮುಟ್ಟಿಸುತ್ತೇನೆ ಎಂದಿದ್ದಾನೆ.

ಚಂಡಮಾರುತ ಬೆಳಗಾಗುವುದರೊಳಗೆ ನಮ್ಮ ದಡಕ್ಕೆ ಬಡಿಯುತ್ತದಂತೆ. ಈ ವರ್ಷ ಇದು ಮೂರನೆಯದು. ಮೊದಲನೆಯದು ಮೇವಿನ ಜೋಳವನ್ನು ಚಾಪೆ ಹಾಸಿದ ಹಾಗೆ ಮಲಗಿಸಿತು. ಎರಡನೆಯದು ಉಪ್ಪುನೀರು ನುಗ್ಗಿಸಿ ಕೆಳಗಿನ ಹುಲ್ಲುಗಾವಲನ್ನು ಸುಟ್ಟಿತು. ಒಣಹುಲ್ಲು ತಿಂದು ತಿಂದು ಹಸುಗಳ ಹಾಲು ಅರ್ಧಕ್ಕಿಳಿದಿದೆ. ಇವತ್ತಂತೂ ಅವು ಹಾಲನ್ನೇ ಇಳಿಸಲಿಲ್ಲ, ಕಿವಿ ನಿಮಿರಿಸಿಕೊಂಡು ಸಮುದ್ರದ ಕಡೆಗೇ ನೋಡುತ್ತಿವೆ.

ಇನ್ನು ನಿನ್ನ ಹೆಂಡತಿಯ ವಿಷಯ. ಏಳು ತಿಂಗಳ ಬಸುರಿ, ಕೊಟ್ಟಿಗೆ ಬಿಟ್ಟು ಬರುವುದಿಲ್ಲ ಎಂದು ಕೂತಿದ್ದಾಳೆ. ದಿಬ್ಬದ ಮೇಲಿನ ಶಾಲೆಯಲ್ಲಿ ಜನರಿಗೆ ಜಾಗವಿದೆ, ದನಗಳಿಗಿಲ್ಲ. ದನದ ಡಾಕ್ಟರು ಬೆಳಿಗ್ಗೆ ಬಾಗಿಲಿಗೇ ಬಂದು, "ಕಟ್ಟಿಹಾಕಿದ್ರೆ ನಿಂತಲ್ಲೇ ಮುಳುಗ್ತವೆ ಕಣಮ್ಮ. ಬಿಚ್ಬಿಡಿ, ಅವೇ ದಿಬ್ಬ ಹುಡುಕ್ಕೊಂಡು ಹೋಗ್ತವೆ" ಎಂದು ಹೇಳಿಹೋದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ಹೋದ ವರ್ಷ ಬಿಚ್ಚಿದ್ದು ನಾನೇ ಅಲ್ವಾ ಅತ್ತೆ?" ಎಂದಳು. ಹೌದು. ಬಿಚ್ಚಿದ ಕೆಂದಹಸು ಮುಳ್ಳುತಂತಿಗೆ ಸಿಕ್ಕಿ ಸತ್ತಿತು. ಇಕ್ಕಳ ಹಿಡಿದು ಅದರ ಕತ್ತಿನಿಂದ ಒಂದೊಂದೇ ಮುಳ್ಳು ಬಿಡಿಸುತ್ತಾ ಅವಳು ಕೂತಿದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ಬಾಯಿ ತುಂಬ ಬೈಯಲೂ ಆಗುತ್ತಿಲ್ಲ. ದಿಬ್ಬದ ಕಡೆಯ ತಂತಿಯನ್ನು ಈ ಸಲ ಕಿತ್ತುಹಾಕಿದ್ದೇವೆ ಎಂದರೂ ಕೇಳಳು. ನೀರು ಬಂದರೆ ತಾನೇ ಹಗ್ಗ ಹಿಡಿದು ಒಂದೊಂದಾಗಿ ದಿಬ್ಬ ಹತ್ತಿಸುತ್ತಾಳಂತೆ, ಆ ಹೊಟ್ಟೆ ಹೊತ್ತುಕೊಂಡು! ಹಿಡಿದ ಮೊಲಕ್ಕೆ ಮೂರೇ ಕಾಲು. ಎಲ್ಲಿಂದ ತಂದೆಯೋ ಇಂಥ ಹಟಮಾರಿಯನ್ನು ಎಂದು ನಿನ್ನನ್ನು ಬೈಯೋಣವೆಂದರೆ, ಹುಡುಕಿ ತಂದವಳು ನಾನೇ.

ನಮ್ಮನ್ನು ಶಾಲೆಗೆ ಮುಟ್ಟಿಸಲು ಹಾಲಿನ ವ್ಯಾನು ಇನ್ನೊಂದು ಸಲ ಬರುತ್ತದೆ. ಆಮೇಲೆ ಸೇತುವೆ ಮುಚ್ಚುತ್ತಾರೆ. ತಗಡಿನ ಸೂರು ಈಗಲೇ ಪಟಪಟ ಎನ್ನುತ್ತಿದೆ. ನನಗೆ ಭಯವಾಗುತ್ತಿದೆ ಮಗನೇ, ನನ್ನ ಜೀವಕ್ಕಲ್ಲ.

ನೀನಿರುವ ಕಡಲು ತಣ್ಣಗಿರಲಿ. ನಿನ್ನ ಜೊತೆಯ ಹುಡುಗರಿಗೂ ಈ ಮುದುಕಿ ಹರಸಿದಳೆಂದು ಹೇಳು.

ನಿನ್ನ,
ಅಮ್ಮ

ತಾ.ಕ.: ವ್ಯಾನಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ನಗಬೇಡ. ಅವಳು ಒಳಗೆ ಕಣ್ಣುಮುಚ್ಚಿ ಒರಗಿದ್ದಾಗ ನಾನೇ ಹೋಗಿ ಎಲ್ಲ ಹಗ್ಗ ಬಿಚ್ಚಿದೆ. ಹಸುಗಳು ಹೋಗಲೊಲ್ಲವು. ಪೊರಕೆ ತೆಗೆದುಕೊಂಡು ಹೊಡೆದೆ. ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಆ ಗಯ್ಯಾಳಿ ಹಸು ಮತ್ತೆ ಮತ್ತೆ ತಿರುಗಿ ಬಂತು, ಅದರ ಮುಖಕ್ಕೇ ಹೊಡೆದೆ. ಗಾಳಿಗೆ ಬೆದರಿ ಕಿತ್ತುಕೊಂಡು ಹೋದವು ಎಂದು ಅವಳಿಗೆ ಹೇಳಿದೆ. ಹಿಂದೆ ಓಡಹೊರಟವಳು ಅಂಗಳ ದಾಟುವುದರೊಳಗೆ ಹೊಟ್ಟೆ ಹಿಡಿದು ಕೂತಳು. ಆಮೇಲೆ ಕೊಟ್ಟಿಗೆಗೆ ಬಂದು ಹಗ್ಗದ ತುದಿಗಳನ್ನು ಎತ್ತಿ ನೋಡಿದಳು. ಒಂದೂ ಹರಿದಿರಲಿಲ್ಲ. ನೇರ ಬಂದು ವ್ಯಾನು ಹತ್ತಿದಳು, ನನಗೆ ಬೆನ್ನು ಹಾಕಿ ಕೂತಿದ್ದಾಳೆ. ಹಸುಗಳು ತಿರುಗಿ ಬರದಿದ್ದರೆ ಇವಳು ನನ್ನನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ನಿನ್ನ ಹತ್ತಿರ ದೂರು ಬರುತ್ತದೆ. ಬಂದಾಗ ಅಮ್ಮನ ಪರ ಮಾತಾಡಲು ಹೋಗಬೇಡ ಮಗನೇ, ಅವಳ ಪರವೇ ಇರು.